ಬೂದು ಪಟ್ಟೆ ಅಳಿಸಿದ ಮಳೆಗಾಲ

ಕೂಲರಿನ ತೊಟ್ಟಿಯನ್ನು ಓರೆ ಮಾಡಿ, ಬೇಸಿಗೆಯುದ್ದಕ್ಕೂ ನಿಂತ ನೀರನ್ನು ಮೋರಿಗೆ ಚೆಲ್ಲಿದಾಗ ಬರುವ ವಾಸನೆ ನಾಗಪುರದಲ್ಲಿ ಬದುಕಿದವರಿಗೆಲ್ಲ ಗೊತ್ತು. ತುಕ್ಕು, ಪಾಚಿ, ಕೊಳೆತ ಲಾವಂಚದ ಹುಲ್ಲು. ಮೊದಲ ಮಳೆ ಬಿದ್ದ ವಾರ ಓಣಿಗೆ ಓಣಿಯೇ ಹಾಗೆ ನಾರುತ್ತದೆ. ಈ ಜೂನ್‌ನಲ್ಲಿ ಹಳೆಯ ಸಹೋದ್ಯೋಗಿ ಪ್ರಫುಲ್ಲನ ಮಗಳ ಮದುವೆಗೆಂದು ಧಾರವಾಡದಿಂದ ಅಲ್ಲಿಗೆ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತೆಂದು ಲಕ್ಷ್ಮೀ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕಡೆ ನಡೆದೆ. ಅಲ್ಲಿ ಯಾರೋ ಗೇಟಿನ ಹೊರಗೆ ಕೂಲರ್ ಬಗ್ಗಿಸುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ಎದ್ದಿತು. ಮನೆಯ ನೆನಪಲ್ಲ, ಊರಿನ ನೆನಪಲ್ಲ, ಮೊದಲು ಬಂದದ್ದು ಸಿಟ್ಟು. ಅದು ಇನ್ನೂ ಆರಿಲ್ಲ ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ. ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಲಿ. ಉಳಿದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಆ ಮನೆಯಲ್ಲಿದ್ದಾಗ ನಾನು ಒಂದು ಇಂಗ್ಲಿಷ್ ಪತ್ರಿಕೆಯ ನಾಗಪುರ ಆವೃತ್ತಿಯಲ್ಲಿ ಸುದ್ದಿ ಸಂಪಾದಕ. ಹೆಂಡತಿ ಸುಧಾ ಧರಮಪೇಠದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನನ್ನ ತಂಗಿ ವಿನುತಾ ಧಾರವಾಡದಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿ, ನಾಗಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಗುತ್ತಿಗೆಯ ನೌಕರಿ ಹಿಡಿದು ನಮ್ಮ ಜೊತೆಗೇ ಇದ್ದಳು. ಕೊಂಕಣ ಕರಾವಳಿಯಲ್ಲಿ ಜೆಲ್ಲಿಮೀನುಗಳು ಯಾವಾಗ, ಎಷ್ಟರಮಟ್ಟಿಗೆ ಮುಗಿಬೀಳುತ್ತವೆ ಎಂಬುದಕ್ಕೆ ಗಣಿತದ ಮಾದರಿ ಕಟ್ಟುವುದು ಅವಳ ಕೆಲಸ.

ನಾಗಪುರದಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರಕ್ಕೆ ಒಂದು ಇಡೀ ರಾತ್ರಿಯ ರೈಲು. ನಮ್ಮ ಆಫೀಸಿನಲ್ಲಿ ಇದು ನಿತ್ಯದ ತಮಾಷೆಯಾಗಿತ್ತು. "ಕ್ಯಾ ಸರ್, ಫುಟಾಳಾ ಕೆರೆಯಲ್ಲಿ ತಿಮಿಂಗಿಲ ಸಿಕ್ಕಿತಾ ಮೇಡಂಗೆ?" ಎಂದು ಪ್ರಫುಲ್ಲ ಕೇಳುವನು. ಅವನು ನಮ್ಮಲ್ಲಿ ಶಿಕ್ಷಣ, ವಿಜ್ಞಾನದ ಸುದ್ದಿ ಮಾಡುತ್ತಿದ್ದ ವರದಿಗಾರ. ವಿನುತಾ ಬೇಸರಿಸುತ್ತಿರಲಿಲ್ಲ. ಲೆಕ್ಕ ಮಾಡುವ ಯಂತ್ರ ನಾಗಪುರದಲ್ಲಿತ್ತು, ಯೋಜನೆ ತಂದ ನಿರ್ದೇಶಕರು ನಾಗಪುರದಲ್ಲಿದ್ದರು, ಆದ್ದರಿಂದ ಜೆಲ್ಲಿಮೀನೂ ನಾಗಪುರದಲ್ಲಿತ್ತು, ಅಷ್ಟೇ.

ಹಣ ಕೊಟ್ಟದ್ದು ಕರಾವಳಿಯ ಒಂದು ವಿದ್ಯುತ್ ಸ್ಥಾವರ. ಅದು ಯಂತ್ರ ತಣಿಸಲು ಸಮುದ್ರದ ನೀರು ಎಳೆದುಕೊಳ್ಳುತ್ತದೆ. ನೀರಿನ ಜೊತೆ ಜೆಲ್ಲಿಮೀನು ನುಗ್ಗಿ ಜಾಲರಿ ಮುಚ್ಚಿದರೆ ಸ್ಥಾವರ ನಿಲ್ಲುತ್ತದೆ. ಅದೇ ದಂಡೆಯ ಮೀನುಗಾರರ ಸೊಸೈಟಿಗೂ ಮುನ್ಸೂಚನೆ ಕೊಡುತ್ತೇವೆ ಎಂದು ಯೋಜನೆಯಲ್ಲಿ ಬರೆದಿತ್ತು. ಅದಕ್ಕೆ ಪ್ರತಿಯಾಗಿ ಸೊಸೈಟಿಯವರು ದಿನದಿನದ ಮಾಹಿತಿ ಕೊಡಬೇಕು: ಬಲೆಗೆ ಎಷ್ಟು ಬುಟ್ಟಿ ಜೆಲ್ಲಿಮೀನು ಬಂತು, ಎಷ್ಟು ದೂರದಲ್ಲಿ, ನೀರು ಹೇಗಿತ್ತು.

ಆ ಮಾಹಿತಿ ಕೊಡುತ್ತಿದ್ದವಳು ಸುಲಭಾ, ಸೊಸೈಟಿಯ ಕಾರ್ಯದರ್ಶಿ. ವಿನುತಾ ಅವಳಿಗೆ ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯಿಂದಲೇ ಫೋನ್ ಮಾಡುತ್ತಿದ್ದಳು. ಒಂದು ಕೈಯಲ್ಲಿ ಚಹಾ, ಫೋನು ಕಟ್ಟೆಯ ಮೇಲೆ, ಧ್ವನಿ ಮನೆಗೆಲ್ಲ ಕೇಳುವಂತೆ. ಸುಲಭಾಳ ಮಾಲವಣಿ ಮರಾಠಿಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಒಗರು ಇದರಲ್ಲಿ ಬಂದಿಲ್ಲ.

"ಕಾಯ್ ಗೋ, ಏನೇ ನಾಗಪುರವಾಲೀ, ಎದ್ದೆಯಾ? ನಿನ್ನ ಬೀಗರು ಇವತ್ತೂ ಬಂದಿದ್ದಾರೆ, ಬುಟ್ಟಿ ತುಂಬ."

"ಎಷ್ಟು ಬುಟ್ಟಿ ಅಕ್ಕಾ?"

"ನಿನ್ನ ಮರಾಠಿ ಕೇಳಿದರೆ ನಮ್ಮ ಬೆಕ್ಕು ಮೀನು ಬಿಟ್ಟು ಓಡುತ್ತೆ. ಹಿಂದಿಯಲ್ಲೇ ಕೇಳು."

ಹೀಗೆ ಚಳಿಗಾಲದಿಂದ ಮೇ ಕೊನೆಯವರೆಗೂ. ಸುಲಭಾಳ ಅತ್ತೆಗೆ ಮಂಡಿನೋವು, ತಮ್ಮ ಮಹೇಶನಿಗೆ ಹೆಣ್ಣು ಸಿಗುತ್ತಿಲ್ಲ, ಸೊಸೈಟಿಯ ಅಧ್ಯಕ್ಷ ಗೊರಕೆ ಹೊಡೆಯುತ್ತ ಸಭೆ ನಡೆಸುತ್ತಾನೆ, ಎಲ್ಲ ನಮಗೆ ತಿಳಿಯುತ್ತಿತ್ತು. ಸುಧಾ ನಡುವೆ ಬಾಯಿ ಹಾಕಿ, "ಮಹೇಶಗ ನಮ್ಮ ಶಾಲಿ ಟೀಚರ್ ಒಬ್ಬಾಕಿ ಇದ್ದಾಳ, ಮೀನು ತಿನ್ನೂದಿಲ್ಲ, ನಡೀತೈತೇನು ಕೇಳು" ಎನ್ನುವಳು. ವಿನುತಾ ಅದನ್ನು ಮರಾಠಿಗೆ ತಿರುಗಿಸುವಳು. ಆ ಕಡೆಯಿಂದ ನಗು ಬರುವುದು. ಆ ದಂಡೆಯನ್ನು ನಾವು ಯಾರೂ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಮಹಾನಗರಪಾಲಿಕೆಯ ಇಬ್ಬರು ಡೆಂಗಿ ತಪಾಸಣೆಗೆ ಬಂದರು. ಟಾರ್ಚು ಬಿಟ್ಟು ಕೂಲರಿನ ತಳ ನೋಡಿದರು. ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. "ಮೇಡಂ, ಆಪ್ ತೋ ಟೀಚರ್ ಹೈಂ ನಾ?" ಎಂದು ಒಬ್ಬ ಕೇಳಿದ. ಸುಧಾಳ ಮುಖ ಕೆಂಪಾಯಿತು. ಅವರು ತೊಟ್ಟಿ ಬಗ್ಗಿಸಿ, ಎಚ್ಚರಿಕೆ ಕೊಟ್ಟು ಹೋದರು. ವಿನುತಾ ಆ ನೀರು ಮೋರಿಗೆ ಹರಿಯುವುದನ್ನೇ ನೋಡುತ್ತ ನಿಂತಿದ್ದಳು.

"ಅಣ್ಣಾ, ನನ್ನ ಕೆಲಸ ಏನಂತ ಕೇಳ್ತಿದ್ದಿಲ್ಲ? ಇದs ನೋಡು. ಜೆಲ್ಲಿಮೀನು ಮ್ಯಾಲೆ ತೇಲೂದು ಅದರ ಅರ್ಧ ಬಾಳು. ಉಳಿದರ್ಧ ಸಮುದ್ರದ ತಳದಾಗ ಕಲ್ಲಿಗೆ, ಕಂಬಕ್ಕ ಅಂಟಿಕೊಂಡು ಕುಂತಿರ್ತಾವ. ಅಕ್ಕಿಕಾಳಿಗಿಂತ ಸಣ್ಣವು. ನೀರಿನ ಬಿಸಿ, ಉಪ್ಪು ಬದಲಾದ ಕೂಡಲೇ ಒಂದೊಂದೂ ಮರಿ ಉದುರಸ್ತಾವ. ಆಮ್ಯಾಲೆ ತಿನ್ನಾಕ ಸಿಕ್ರ ಮುಗೀತು, ಸಮುದ್ರ ತುಂಬ ಅವs."

"ತಳದಾಗ ಎಷ್ಟು ಅದಾವ ಅಂತ ಹೆಂಗ ಗೊತ್ತಾಗತೈತಿ?"

"ಗೊತ್ತಾಗೂದಿಲ್ಲ. ಆ ದಂಡ್ಯಾಗ ತಳ ನೋಡಿದವರs ಇಲ್ಲ. ಸಮುದ್ರಾನ ಕೂಲರ್ ಹಂಗ ಬಗ್ಗಸಾಕ ಬರ್ತೈತೇನು?"

ಅವಳ ಮಾದರಿಯ ತಿರುಳು ಅಲ್ಲಿತ್ತು. ಜೆಲ್ಲಿಮೀನು, ಅವು ತಿನ್ನುವ ಸಣ್ಣ ಜೀವಿಗಳು, ಅವನ್ನೇ ತಿನ್ನುವ ಬೂತಾಯಿ ಬಂಗುಡೆಯಂಥ ಮೀನುಗಳು, ತಳಕ್ಕೆ ಅಂಟಿ ಕುಳಿತವು: ಒಂದರ ಏರಿಕೆ ಇನ್ನೊಂದರ ಇಳಿಕೆಗೆ ಹೇಗೆ ಕಟ್ಟಿಕೊಂಡಿದೆ ಎಂಬ ಸಮೀಕರಣಗಳು. ಸುಲಭಾ ಹೇಳಿದ ಬುಟ್ಟಿಗಳಿಗೆ ಅವನ್ನು ಹೊಂದಿಸಿದ್ದಳು. ಆದರೆ ತಳದ ಸಂಖ್ಯೆ ಯಾರಿಗೂ ಗೊತ್ತಿಲ್ಲದ್ದರಿಂದ, ಕಡಿಮೆ ಇದ್ದರೆ ಹೀಗೆ, ಹೆಚ್ಚಿದ್ದರೆ ಹೀಗೆ ಎಂದು ಬೇರೆ ಬೇರೆ ಊಹೆಗಳಿಂದ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುತ್ತಿದ್ದಳು. ಪ್ರತಿ ಓಟಕ್ಕೂ ಒಂದು ಗೆರೆ. ಎಲ್ಲ ಗೆರೆಗಳೂ ಸೇರಿ ಚಿತ್ರದಲ್ಲಿ ಒಂದು ಅಗಲವಾದ ಬೂದು ಪಟ್ಟೆ. ಅದರ ಕೆಳ ಅಂಚಿನಲ್ಲಿ ಬಲೆಗೆ ಒಂದೆರಡು ಜೆಲ್ಲಿಮೀನು. ಮೇಲಂಚಿನಲ್ಲಿ ಬಲೆ ಎತ್ತಲಾಗದಷ್ಟು. ಒಳಗೆ, ಕೆಳ ಅಂಚಿನ ಕಡೆಗೆ ವಾಲಿ, ಒಂದು ನೀಲಿ ಗೆರೆ, ಬರಿಯ ಸರಾಸರಿ; ಹೆಚ್ಚಿನ ಓಟಗಳು ಕಡಿಮೆಯನ್ನೇ ತೋರಿಸಿದ್ದವು.

"ನೀಲಿ ಗೆರಿ ಉತ್ತರ ಅಲ್ಲ. ಪಟ್ಟೆನs ಉತ್ತರ" ಎಂದು ಅವಳು ನನಗೂ ಸುಧಾಳಿಗೂ ಎಷ್ಟು ಸಲ ಹೇಳಿದ್ದಳೋ. ಆ ವರ್ಷದ ಪಟ್ಟೆ ಅಗಲವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಜೆಲ್ಲಿಮೀನು ಬಾರದೆ ಇರಬಹುದು, ದಂಡೆ ಮುಚ್ಚುವಷ್ಟು ಬರಲೂಬಹುದು, ಎರಡಕ್ಕೂ ಸಿದ್ಧವಾಗಿರಿ: ಅವಳು ಬರೆದ ವರದಿಯ ಅರ್ಥ ಇಷ್ಟು.

ಜೂನ್ ಬಂತು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಯಿತು. ದೋಣಿಗಳು ದಂಡೆಗೆ ಬಂದವು. ಬಲೆ ಇಲ್ಲ, ಆದ್ದರಿಂದ ಬುಟ್ಟಿ ಇಲ್ಲ, ಆದ್ದರಿಂದ ಬೆಳಗಿನ ಫೋನೂ ಇಲ್ಲ. ನಮ್ಮ ಅಡುಗೆಮನೆ ಭಣಗುಟ್ಟಿತು. ವಿನುತಾ ಆ ಬಿಡುವಿನಲ್ಲಿ ವರದಿ ಮುಗಿಸಿ ಜುಲೈನಲ್ಲಿ ನಿರ್ದೇಶಕರಿಗೆ ಕೊಟ್ಟಳು.

ಮುಂದಿನ ಮಾತುಕತೆಗೆ ನಾನು ಸಾಕ್ಷಿಯಲ್ಲ. ವಿನುತಾ ಅದೇ ಸಂಜೆ ಹೇಳಿದ್ದು, ಆಮೇಲೆ ನಿರ್ದೇಶಕರೇ ಪ್ರಫುಲ್ಲನೆದುರು ಒಪ್ಪಿದ್ದು, ಎರಡೂ ತಾಳೆಯಾಗುವುದನ್ನು ಮಾತ್ರ ಬರೆಯುತ್ತೇನೆ. ಅವರು ಚಿತ್ರ ನೋಡಿ, "ಯೇ ಧುಂಧ್ ಕ್ಯಾ ಹೈ?" ಎಂದರು. ಈ ಮಂಜು ಏನು? ಅವಳು ವಿವರಿಸಿದಳು. "ಬೇಟಾ, ಸ್ಥಾವರದವರು ಹಣ ಕೊಟ್ಟಿದ್ದಾರೆ. ಬರಬಹುದು, ಬರದೇ ಇರಬಹುದು ಎಂದು ಹೇಳಲು ಅವರಿಗೆ ನಾವು ಯಾಕೆ ಬೇಕು? ಅದನ್ನು ಅವರ ಕಾವಲುಗಾರನೂ ಹೇಳುತ್ತಾನೆ. ಒಂದು ಗೆರೆ ಕೊಡು." ಅವಳು ಒಪ್ಪಲಿಲ್ಲ. ಅವರು ಸಿಟ್ಟಾಗಲಿಲ್ಲ; ಅವರು ಸಿಟ್ಟಾಗುವ ಜಾತಿಯವರಲ್ಲ. ಮುಖ್ಯ ಹಾಳೆಯಲ್ಲಿ ಗೆರೆ ಇರಲಿ, ಪಟ್ಟೆ ಅನುಬಂಧದಲ್ಲಿ ಹೋಗಲಿ ಎಂದರು. ಅವಳು ಮನೆಗೆ ಬಂದು ಅತ್ತಿಗೆಗೆ, "ಇರ್ಲಿ ಬಿಡ್ರಿ ವೈನಿ, ಅನುಬಂಧದಾಗ ಐತಲ್ಲ" ಎಂದಳು. ಚಪಾತಿ ಲಟ್ಟಿಸುತ್ತಿದ್ದ ಸುಧಾ ತಲೆಯೆತ್ತದೆ, "ಅನುಬಂಧ ಯಾರ್ ಓದ್ತಾರ? ನಾ ಪಠ್ಯಪುಸ್ತಕದ್ದs ಓದಿಲ್ಲ" ಎಂದಳು. ನಾವು ಮೂವರೂ ನಕ್ಕೆವು.

ಅನುಬಂಧ ಹೋಗಲೇ ಇಲ್ಲ.

ಆಗಸ್ಟ್‌ನಲ್ಲಿ ನಿಷೇಧ ಮುಗಿಯಿತು. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ಇಳಿದವು. ಸುಲಭಾಳ ಫೋನು ಮತ್ತೆ ಶುರುವಾಯಿತು. ಮೊದಮೊದಲು ಬಂಗುಡೆ, ಸೀಗಡಿ, ನಗು. ನಂತರ ಎತ್ತುಗಳ ಪೋಳಾ ಹಬ್ಬ ಬಂತು. ಅದರ ಮರುದಿನ ನಾಗಪುರದಲ್ಲಿ ಮಾರಬತ. ಊರಿನ ಪೀಡೆಯನ್ನೆಲ್ಲ ಹೊತ್ತು ಹೋಗಲಿ ಎಂದು ಕರಿ, ಹಳದಿ ಹೆಣ್ಣುಬೊಂಬೆಗಳನ್ನು ಹಳೆಯ ಪೇಟೆಯಲ್ಲಿ ಮೆರೆಸಿ, ಬೈದು, ಕೊನೆಗೆ ಸುಡುತ್ತಾರೆ. ಆ ವರ್ಷ ಯಾರನ್ನು ಬೈಯಬೇಕೋ ಅವರ ಬೊಂಬೆಗಳೂ ಜೊತೆಗೆ ಹೊರಡುತ್ತವೆ. ಶಾಲೆಗೆ ರಜೆ, ಸುಧಾ ಟಿವಿಯಲ್ಲಿ ಮೆರವಣಿಗೆ ನೋಡುತ್ತಿದ್ದಳು. ನಾನು ಮಧ್ಯಾಹ್ನದ ಪಾಳಿಗೆ ಹೊರಡುವವನಿದ್ದೆ. "ಇಡಾ ಪಿಡಾ ಘೇವೂನ್ ಜಾ ಗೇ ಮಾರಬತ" ಎಂದು ಜನ ಕೂಗುತ್ತಿದ್ದಾಗ ವಿನುತಾಳ ಫೋನು ರಿಂಗಾಯಿತು. ಅವಳು ಎಂದಿನಂತೆ ಅದನ್ನು ಕಟ್ಟೆಯ ಮೇಲಿಟ್ಟಳು.

"ವಿನುತಾ, ನೀನೇನಾ?" ಸುಲಭಾಳ ಎಂದಿನ ಕಾಯ್ ಗೋ ಇರಲಿಲ್ಲ.

"ಹೌದು ಅಕ್ಕಾ, ಹೇಳಿ."

"ಮಹೇಶನನ್ನ ಆಸ್ಪತ್ರೆಗೆ ಸೇರಿಸಿದ್ದೀವಿ. ಬಲೆ ಎತ್ತುವಾಗ ಜೆಲ್ಲಿಮೀನಿನ ಲೋಳೆ ಎರಡೂ ಕಣ್ಣಿಗೆ ಸಿಡಿದಿದೆ. ಬಲೆ ತುಂಬ ಅದೇ. ಮೀನಿಲ್ಲ, ಅದೊಂದೇ. ಆರು ಜನ ಹಿಡಿದರೂ ಏಳಲಿಲ್ಲ, ದೋಣಿ ವಾಲಿತು, ಕಡೆಗೆ ಬಲೆ ಕೊಯ್ದು ಬಿಟ್ಟರು. ಈ ಸಲ ಬರಲ್ಲ ಅಂದಿದ್ದೆಯಲ್ಲ ನೀನು?"

"ನಾನು ಹಾಗೆ ಅಂದಿಲ್ಲ ಅಕ್ಕಾ."

"ಅಂದಿಲ್ಲವಾ? ನಿಮ್ಮ ಕಾಗದ ಸೊಸೈಟಿ ಗೋಡೆ ಮೇಲಿದೆ. ಕೆಳಗೆ ನಿನ್ನ ಹೆಸರಿದೆ. ಅದನ್ನ ನೋಡಿಯೇ ಹುಡುಗರು ದೊಡ್ಡ ಬಲೆ ತಗೊಂಡು ದೂರ ಹೋದರು. ಇಲ್ಲದಿದ್ದರೆ ದಂಡೆ ಹತ್ತಿರವೇ ಸಣ್ಣ ಬಲೆ ಬಿಡುತ್ತಿದ್ದರು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಅಷ್ಟು ಗೊತ್ತಿಲ್ಲದವರಾ ನಾವು?"

ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಆ ಕಾಗದದ ಫೋಟೋ ಕಳಿಸಿದಳು. ಮರಾಠಿಯಲ್ಲಿ ದಪ್ಪ ಅಕ್ಷರ: ಈ ಹಂಗಾಮಿನಲ್ಲಿ ಜೆಲ್ಲಿಮೀನಿನ ಹಾವಳಿಯ ಸಾಧ್ಯತೆ ಇಲ್ಲ. ಅದರಡಿ ಚಿತ್ರ. ಬಿಳಿಯ ಹಾಳೆಯ ಮೇಲೆ ಒಂಟಿ ನೀಲಿ ಗೆರೆ, ತಳದಲ್ಲಿ ತೆಪ್ಪಗೆ ಮಲಗಿದ್ದು. ಬೂದು ಬಣ್ಣ ಒಂದು ಚೂರೂ ಇರಲಿಲ್ಲ. ವಿನುತಾ ಫೋನಿನ ಪರದೆಯನ್ನು ದೊಡ್ಡದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದಳು. ಇದ್ದರೆ ತಾನೆ ಕಾಣುವುದು. ಸುಧಾ ಟಿವಿ ಆರಿಸಿದಳು.

ಅದೇ ವಾರ ಸ್ಥಾವರದ ಜಾಲರಿಯೂ ಮುಚ್ಚಿ ಒಂದು ಘಟಕ ನಿಂತಿತು. ಆಗ ಎಲ್ಲರಿಗೂ ಕಣ್ಣು ತೆರೆಯಿತು. ಮಹೇಶನ ಕಣ್ಣಿನ ಬಗ್ಗೆ ಸಂಸ್ಥೆಯಲ್ಲಿ ಒಂದು ಮಾತೂ ಆಗಲಿಲ್ಲ; ಜಾಲರಿಯ ಬಗ್ಗೆ ಸಭೆಯ ಮೇಲೆ ಸಭೆ. ನಿರ್ದೇಶಕರು ವಿನುತಾಳನ್ನು ಕರೆಸಿ ಒಂದು ಟಿಪ್ಪಣಿ ಮುಂದಿಟ್ಟರು. ಮೀನುಗಾರರು ಕೊಟ್ಟ ಮಾಹಿತಿ ಕ್ರಮಬದ್ಧವಾಗಿರಲಿಲ್ಲ, ಆದ್ದರಿಂದ ಮಾದರಿ ತಪ್ಪಿತು ಎಂದು ಅದರಲ್ಲಿತ್ತು. ಸಹಿಗೆ ಅವಳ ಹೆಸರು ಅಚ್ಚಾಗಿತ್ತು. ಪಟ್ಟೆ ಅಳಿಸಿದವರು ಅವರು, ಕಣ್ಣು ಕಳೆದುಕೊಳ್ಳುತ್ತಿರುವವನು ಮಹೇಶ, ಸುಳ್ಳುಗಾರ್ತಿ ಆಗಬೇಕಾದವಳು ಸುಲಭಾ, ಹಾಗೆಂದು ಬರೆದುಕೊಡಬೇಕಾದವಳು ನನ್ನ ತಂಗಿ. ಇಷ್ಟು ಚೊಕ್ಕವಾಗಿ ಅನ್ಯಾಯವನ್ನು ಹಂಚಿದ್ದನ್ನು ನಾನು ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ. ಗುತ್ತಿಗೆ ನವೀಕರಣದ ಕಾಗದ ಅದೇ ಮೇಜಿನ ಮೇಲೆ ಪಕ್ಕದಲ್ಲೇ ಇತ್ತಂತೆ. ಅದರ ಕಡೆ ಅವರು ಬೆರಳು ಕೂಡ ತೋರಿಸಲಿಲ್ಲ. ತೋರಿಸಬೇಕಾಗಿರಲಿಲ್ಲ.

"ಸಹಿ ಮಾಡಿದ್ರ ಈ ಮನ್ಯಾಗ ನಿನಗ ಊಟ ಹಾಕೂದಿಲ್ಲ ನೋಡು" ಎಂದಳು ಸುಧಾ.

"ಹಾಕದಿದ್ರ ನೀವs ಮೊದಲು ಅಳ್ತೀರಿ ವೈನಿ. ಮಾಡೂದಿಲ್ಲ. ಆ ಬುಟ್ಟಿ ಲೆಕ್ಕದಾಗ ಒಂದೂ ತಪ್ಪಿಲ್ಲ. ಆರು ತಿಂಗಳು ಅದನ್ನs ಉಂಡು ತಿಂದೀನಿ ನಾ."

ಮಾಡಲಿಲ್ಲ.

ಇದು ಸುದ್ದಿ. ನಾನು ಸುದ್ದಿ ಸಂಪಾದಕ. ಆದರೆ ತಂಗಿಯ ವಿಷಯ ನಾನು ಮುಟ್ಟುವಂತಿಲ್ಲ. ಆ ನಿಯಮ ಸರಿಯಾದದ್ದೇ, ಇವತ್ತಿಗೂ ಹಾಗೇ ಹೇಳುತ್ತೇನೆ. ಸಂಪಾದಕರಿಗೆ ವಿಷಯ ತಿಳಿಸಿ ದೂರ ನಿಂತೆ. ಪ್ರಫುಲ್ಲ ಕೆಲಸ ಚೆನ್ನಾಗಿ ಮಾಡಿದ. ವಿನುತಾ ಹೆಸರು ಹಾಕಿಯೇ ಮಾತಾಡಿದಳು. ಪಟ್ಟೆಯಿದ್ದ ಚಿತ್ರ, ಇಲ್ಲದ ಚಿತ್ರ ಎರಡನ್ನೂ ಕೊಟ್ಟಳು. ನಿರ್ದೇಶಕರು, "ಓದುವವರಿಗೆ ಗೊಂದಲವಾಗಬಾರದೆಂದು ಸರಳಗೊಳಿಸಿದೆವು" ಎಂದು ಒಪ್ಪಿಕೊಂಡರು. ಒಪ್ಪಿಕೊಂಡರು! ಆದರೂ ಮರುದಿನ ಒಳಪುಟದಲ್ಲಿ ಬಂದ ಶೀರ್ಷಿಕೆ ಇದು: ಜೆಲ್ಲಿಮೀನು ಮುನ್ಸೂಚನೆ, ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ. ಅವಳಿಗೆ ಎರಡು ಪ್ಯಾರಾ, ಅವರಿಗೆ ಎರಡು ಪ್ಯಾರಾ. ಚಿತ್ರಗಳಿಗೆ ಜಾಗ ಸಿಕ್ಕಿರಲಿಲ್ಲ. ಬಿಡಿಸಿದವಳನ್ನೂ ಅಳಿಸಿದವನನ್ನೂ ಅಕ್ಕಪಕ್ಕ ಕೂಡಿಸಿ ಸಮತೋಲ ಎಂದು ಕರೆಯುವ ಅಭ್ಯಾಸ ನಮ್ಮ ಕಸುಬಿನದು. ಬೆಂಕಿ ಹಚ್ಚಿದವನಿಗೂ ಮನೆ ಸುಟ್ಟುಹೋದವನಿಗೂ ಬೆಂಕಿಯ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದಂತೆ. ಪ್ರಫುಲ್ಲ ನನ್ನ ಮೇಜಿನ ಬಳಿ ಬಂದು, "ಸರ್, ನಾನು ಹೀಗೆ ಬರೆದಿರಲಿಲ್ಲ" ಎಂದ. ನನಗೆ ಗೊತ್ತಿತ್ತು.

ಆ ನಿರ್ದೇಶಕರು ನನಗೆ ಮುಖಾಮುಖಿ ಸಿಕ್ಕಿದ್ದು ಒಂದೇ ಸಲ. ಧರಮಪೇಠದಲ್ಲಿ ಬೆಳಗಿನ ಹೊತ್ತು, ತರ್ರಿ ಪೋಹೆ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ ಮಾರುವ ಗಾಡಿಯ ಮುಂದೆ. ಅವರೇ ಗುರುತು ಹಿಡಿದು, ತಟ್ಟೆ ಹಿಡಿದುಕೊಂಡು ಹತ್ತಿರ ಬಂದರು.

"ಭಾಈ ಸಾಹೇಬ್, ನಿಮ್ಮ ತಂಗಿ ಬಹಳ ಜಾಣೆ. ಸ್ವಲ್ಪ ಭಾವುಕಳು, ಅಷ್ಟೇ. ವಿಜ್ಞಾನದಲ್ಲಿ ತಪ್ಪಾಗುತ್ತದೆ. ಜೆಲ್ಲಿಮೀನು ನಮ್ಮ ಸಮೀಕರಣ ಓದಿಕೊಂಡು ಬರುತ್ತದೆಯೇ?" ನಕ್ಕರು. ತರ್ರಿಯ ಎಣ್ಣೆ ಗಡ್ಡಕ್ಕೆ ಇಳಿದಿತ್ತು.

"ಅವಳ ಪಟ್ಟೆಯೊಳಗೇ ಬಂತಲ್ಲ ಸರ್ ಜೆಲ್ಲಿಮೀನು" ಎಂದೆ. "ನೀವು ಅಳಿಸಿದ ಜಾಗದಲ್ಲೇ ಬಂತು."

"ನೀವು ಪತ್ರಿಕೆಯವರು. ನಿಮಗೆ ಗೊತ್ತಿಲ್ಲವೇ, ಜನ ಶೀರ್ಷಿಕೆ ಮಾತ್ರ ಓದುತ್ತಾರೆ" ಎಂದರು. "ಔರ್ ಏಕ್ ಪ್ಲೇಟ್ ಲಗಾವೋ" ಎಂದು ನನ್ನ ಪರವಾಗಿಯೂ ಹೇಳಿದರು. ನಾನು ತಿನ್ನದೆ ಹೊರಟೆ.

ಗುತ್ತಿಗೆ ನವೀಕರಣವಾಗಲಿಲ್ಲ. ಅದು ನಿರೀಕ್ಷಿತ. ವಿನುತಾಳಿಗೆ ಬೇರೆ ಚಿಂತೆ ಇತ್ತು. ಮಹೇಶನ ಬಗ್ಗೆ ಕೇಳಲು ಫೋನ್ ಮಾಡಿದಾಗೆಲ್ಲ ಸುಲಭಾ, "ಹಾಗೇ ಇದೆ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಬಲಗಣ್ಣು ಸುಧಾರಿಸಿತು. ಎಡಗಣ್ಣಿಗೆ ಮಸುಕು ಉಳಿಯಿತು. ಈಗ ಪತ್ರಿಕೆಯಲ್ಲಿ ನಿರ್ದೇಶಕರ ತಪ್ಪೊಪ್ಪಿಗೆಯೇ ಬಂದಿದೆ, ಇದನ್ನು ಹೇಳಿದರೆ ಸುಲಭಾಳಿಗೆ ನಿಜ ತಿಳಿಯುತ್ತದೆ ಎಂದು ವಿನುತಾ ನಂಬಿದ್ದಳು. ಅಕ್ಟೋಬರಿನ ಒಂದು ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದಳು. ತಳಕ್ಕೆ ಅಂಟಿ ಕುಳಿತವು, ಪಟ್ಟೆ, ಮೇಲಂಚು, ಅನುಬಂಧ, ಸಹಿ ಮಾಡದ ಟಿಪ್ಪಣಿ, ಹೋದ ನೌಕರಿ. ಸುಲಭಾ ನಡುವೆ ಬಾಯಿ ಹಾಕದೆ ಕೇಳಿದಳು. ನಂತರ ಹೇಳಿದಳು:

"ಪಟ್ಟೆ ಬರೆದಿದ್ದೆ ಅಂತೀಯ. ಅವನು ಅಳಿಸಿದ ಅಂತೀಯ. ನಂಬಿದೆ. ನೀನು ನನಗೆ ದಿನಾ ಫೋನ್ ಮಾಡ್ತಿದ್ದೆ. ಜ್ವರ ಬಂದಾಗಲೂ ಮಾಡಿದ್ದೀಯ, ನಿನ್ನ ಬುಟ್ಟಿ ಲೆಕ್ಕಕ್ಕೆ. ಜುಲೈನಲ್ಲಿ ಯಾಕೆ ಮಾಡಲಿಲ್ಲ?"

ವಿನುತಾ ಚಹಾದ ಲೋಟ ಕೆಳಗಿಟ್ಟಳು.

"ನನ್ನ ನಂಬರ್ ಇತ್ತಲ್ಲ ನಿನ್ನ ಹತ್ತಿರ?" ಎಂದು ಸುಲಭಾ ಇನ್ನೊಮ್ಮೆ ಕೇಳಿ ಫೋನ್ ಇಟ್ಟಳು.

ಉತ್ತರ ನಮಗೆ ಮೂವರಿಗೂ ಗೊತ್ತಿತ್ತು. ಜುಲೈನಲ್ಲಿ ಬುಟ್ಟಿ ಇರಲಿಲ್ಲ. ಕೇಳುವುದು ಏನೂ ಇಲ್ಲದ್ದರಿಂದ ಫೋನ್ ಮಾಡಲಿಲ್ಲ. ಹೇಳುವುದೂ ಒಂದು ಕೆಲಸ ಎಂಬುದು ಆ ಸಂಸ್ಥೆಯ ಯಾವ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ದಂಡೆಯ ಮಾಹಿತಿ ನೇರ ಅಡುಗೆಮನೆಗೆ ಬರುತ್ತಿತ್ತು, ಚಹಾದ ಜೊತೆ, ನಗುವಿನ ಜೊತೆ. ಅದರಿಂದ ಹುಟ್ಟಿದ ಫಲಿತಾಂಶ ಮಾತ್ರ ಮೇಲಿನವರ ಮೇಜಿಗೆ ಹತ್ತಿ, ಅಲ್ಲಿ ಸ್ನಾನ ಮಾಡಿ, ಬೋಳಿಸಿಕೊಂಡು, ಮೊಹರು ಹೊತ್ತು ದಂಡೆಗೆ ಇಳಿಯಬೇಕು. ನನ್ನ ತಂಗಿ ಒಳ್ಳೆಯವಳು, ಪ್ರಾಮಾಣಿಕಳು. ಆದರೂ ವರದಿಯನ್ನು ಸರಿಯಾದ ಮಾರ್ಗದಲ್ಲಿ ಕಳಿಸಿದ್ದೇನೆ ಎಂದು ನೆಮ್ಮದಿಯಾಗಿ ನಿದ್ದೆ ಮಾಡಿದಳು. ನಮ್ಮ ಓದಿದ ಮನೆಗಳಲ್ಲಿ ಇದನ್ನು ಶಿಸ್ತು ಅನ್ನುತ್ತೇವೆ. ನಿರ್ದೇಶಕರ ಮೇಲೆ ಸಿಟ್ಟು ಮಾಡುವುದು ಸುಲಭ. ಆ ದುಷ್ಟತನಕ್ಕೆ ಮುಖವಿದೆ, ಗಡ್ಡವಿದೆ. ಈ ಶಿಸ್ತಿಗೆ ಮುಖವಿಲ್ಲ. ಅದರ ಮೇಲಿನ ಸಿಟ್ಟೇ ನನ್ನಲ್ಲಿ ಆರದೆ ಉಳಿದಿರುವುದು. ಅಂಥ ನಿರ್ದೇಶಕರು ಬೆಳೆಯುವುದು ಈ ಶಿಸ್ತಿನ ನೆರಳಲ್ಲೇ.

ವಿನುತಾ ಆ ದಿನ ಅಳಲಿಲ್ಲ. "ಆಕಿ ಕೇಳಿದ್ದು ಬರೋಬರ್ ಐತಿ ಅಣ್ಣಾ" ಎಂದಳು. ಸುಧಾ ಏನೋ ಸಮಾಧಾನ ಹೇಳಲು ಹೋದಾಗ, "ಬ್ಯಾಡ ವೈನಿ" ಎಂದಳು.

ಚಳಿಗಾಲದಲ್ಲಿ ಅವಳಿಗೆ ಕಳಮೇಶ್ವರದ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ದಿನಾ ಬಸ್ಸು. ಸಂಜೆ ಬಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾದರಿಯನ್ನು ಮತ್ತೆ ಕಟ್ಟತೊಡಗಿದಳು. ಸಂಸ್ಥೆಯ ಯಂತ್ರದಲ್ಲಿ ಕ್ಷಣದಲ್ಲಿ ಮುಗಿಯುತ್ತಿದ್ದ ಲೆಕ್ಕ ಇದರಲ್ಲಿ ಸಂಜೆಯಿಡೀ ಓಡುತ್ತಿತ್ತು. ಲ್ಯಾಪ್‌ಟಾಪು ಬಿಸಿಯಾಗಿ ಕೂಗುತ್ತಿತ್ತು. "ಇದಕ್ಕೂ ಒಂದು ಕೂಲರ್ ತರೂಣೇನು?" ಎಂದು ಸುಧಾ ಕೇಳುವಳು. ಹೊಸ ಬುಟ್ಟಿ ಲೆಕ್ಕ ಅವಳ ಬಳಿ ಇರಲಿಲ್ಲ. ಸುಲಭಾ ಅವಳ ಫೋನು ಎತ್ತುವುದನ್ನೇ ನಿಲ್ಲಿಸಿದ್ದಳು. ಹಳೆಯ ಲೆಕ್ಕ, ಕಡಲ ಬಿಸಿಯ ಬಗ್ಗೆ ಎಲ್ಲರಿಗೂ ಸಿಗುವ ಮಾಹಿತಿ, ಇಷ್ಟರಲ್ಲೇ ಮಾಡಿದಳು. ಪಟ್ಟೆ ಹಿಂದಿನದಕ್ಕಿಂತ ಅಗಲವಾಯಿತು. ನಿರ್ದೇಶಕರಿಗೆ ಆ ಹೊತ್ತಿಗೆ ಬೇರೊಂದು ಕರಾವಳಿ ಯೋಜನೆ ಸಿಕ್ಕಿತ್ತು. ಆ ಸುದ್ದಿ ನಮ್ಮ ಪತ್ರಿಕೆಯಲ್ಲೇ ಬಂತು, ಅವರ ಫೋಟೋ ಸಮೇತ. ಫೋಟೋಕ್ಕೆ ಜಾಗ ಸಿಕ್ಕಿತ್ತು.

ಮತ್ತೆ ಜುಲೈ ಬಂತು. ನಿಷೇಧದ ತಿಂಗಳು, ಬುಟ್ಟಿ ಇಲ್ಲದ ತಿಂಗಳು. ಒಂದು ಭಾನುವಾರ ವಿನುತಾ ಸುಲಭಾಳಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಎತ್ತಿದಳು.

"ಈಗ ಬುಟ್ಟಿ ಇಲ್ಲ. ಬಲೆ ಒಣಗ್ತಿದೆ. ಯಾಕೆ ಮಾಡಿದೆ?"

"ಕೇಳೋದಕ್ಕಲ್ಲ ಅಕ್ಕಾ. ಹೇಳೋದಕ್ಕೆ."

ಆ ಕಡೆ ಮಳೆಯ ಸದ್ದು. ವಿನುತಾ ಹೇಳಿದಳು: ಒಳ್ಳೆಯದಾದರೆ ಎಷ್ಟು ಒಳ್ಳೆಯದು, ಕೆಟ್ಟರೆ ಎಷ್ಟು ಕೆಟ್ಟದು, ಎರಡೂ ತುದಿ. ನಡುವಿನ ಗೆರೆಯ ಮಾತೇ ಎತ್ತಲಿಲ್ಲ. ತನ್ನ ಬಳಿ ಹೊಸ ಲೆಕ್ಕವಿಲ್ಲದ್ದರಿಂದ ಎರಡು ತುದಿಗಳ ನಡುವೆ ಬಹಳ ಅಂತರವಿದೆ, ತಳ ಯಾರೂ ನೋಡಿಲ್ಲ, ತಾನೂ ನೋಡಿಲ್ಲ ಎಂದಳು.

"ಯಾವ ಸಂಸ್ಥೆ ಈಗ?"

"ಯಾವುದೂ ಇಲ್ಲ. ನಾನೇ."

"ಹಾಗಾದರೆ ಒಂದು ಕೆಲಸ ಮಾಡ್ತೀನಿ" ಎಂದಳು ಸುಲಭಾ. ಅವಳ ದನಿಯಲ್ಲಿ ಸಲುಗೆ ಇರಲಿಲ್ಲ. "ನೀನು ಹೇಳಿದ್ದನ್ನ ಇದ್ದ ಹಾಗೇ ಎಲ್ಲ ದೋಣಿಯವರಿಗೂ ಹೇಳ್ತೀನಿ. ಜೊತೆಗೆ ನಿನ್ನ ನಂಬರ್ ಕೊಡ್ತೀನಿ. ಏನಾದರೂ ಹೆಚ್ಚುಕಮ್ಮಿ ಆದರೆ ನನಗಲ್ಲ, ನಿನಗೇ ಮಾಡ್ತಾರೆ. ಬೈದರೂ ಎತ್ತಬೇಕು."

"ಕೊಡಿ ಅಕ್ಕಾ."

ಮರುದಿನ ಕಾಲೇಜಿಗೆ ಹೊರಟು ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಗಂಡಸಿನ ದನಿ. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ.

"ನಾನು ಮಹೇಶ. ಸುಲಭಾನ ತಮ್ಮ. ಕೆಳಗಿನ ತುದಿ ನನಗೆ ಬೇಡ. ಕೆಟ್ಟರೆ ಎಷ್ಟು, ಆ ಮೇಲಿನದು ಹೇಳಿ."

ವಿನುತಾ ಬಾಗಿಲಲ್ಲೇ ನಿಂತು, ಬಸ್ಸು ಹೋದರೂ ಹೋಗಲಿ ಎಂದು, ಹೇಳತೊಡಗಿದಳು.